ಗಂಟೆಯನ್ನು ಗುಡ್ಡಕ್ಕೆ ಹೊತ್ತ ಅಕೆನೇಸೆ

ಬೆಳಗಿನ ಐದಾಗಲು ಇನ್ನೂ ಎಂಟು ನಿಮಿಷ ಇದೆ. ದ್ವೀಪದ ಅಂಚಿನ ವೈಸೀನಾ ಊರಿನ ಚರ್ಚಿನ ಪಕ್ಕದಲ್ಲಿ, ದೀವಿಹಲಸಿನ ಮರಕ್ಕೆ ಗಂಟೆಯಾಗಿ ತೂಗುಬಿಟ್ಟ ಹಳೆಯ ಆಮ್ಲಜನಕದ ಸಿಲಿಂಡರಿನ ಮುಂದೆ ಅಕೆನೇಸೆ ತೋವಿಯೊ ನಿಂತಿದ್ದಾರೆ. ಬಲಗೈಯಲ್ಲಿ ಮೊಳದುದ್ದದ ಕಬ್ಬಿಣದ ಸರಳು. ಎಡಗೈಯಿಂದ ಉಟ್ಟ ಲುಂಗಿಯ ತುದಿ ಹಿಡಿದು ಸಿಲಿಂಡರಿನ ಮೈಮೇಲಿನ ಇಬ್ಬನಿ ಒರೆಸುತ್ತಾರೆ.

"ಒದ್ದೆ ಇದ್ರೆ ಸದ್ದು ಮುದುಡುತ್ತೆ," ಎನ್ನುತ್ತಾರೆ. "ನಮ್ಮಪ್ಪ ಹೇಳ್ತಿದ್ದ, ಮೊದಲು ಅದರ ಮುಖ ತೊಳಿ, ಆಮೇಲೆ ಅದನ್ನ ಮಾತಾಡ್ಸು ಅಂತ."

ಐದಕ್ಕೆ ಸರಿಯಾಗಿ ಸರಳು ಬೀಳುತ್ತದೆ. ಎರಡು ನಿಧಾನ, ಒಂದು ಚುರುಕು. ಮತ್ತೆ ಎರಡು ನಿಧಾನ, ಒಂದು ಚುರುಕು. ನಾಯಿಗಳು ಬೊಗಳುತ್ತವೆ. ಒಂದೊಂದೇ ಮನೆಯಲ್ಲಿ ದೀಪ ಹತ್ತಿ, ಗೋಡೆಯಿಲ್ಲದ ಆ ಮನೆಗಳ ಕಂಬಗಳ ನಡುವಿನಿಂದ ಪ್ರಾರ್ಥನೆಯ ಹಾಡು ಏಳುತ್ತದೆ. ಅಷ್ಟು ಹೊತ್ತಿಗೆ ಅಕೆನೇಸೆ ಅಲ್ಲಿರುವುದಿಲ್ಲ. ಸರಳನ್ನು ಮೊಳೆಗೆ ಸಿಕ್ಕಿಸಿ, ಸ್ವಲ್ಪ ಅಡ್ಡಾಡಿ ಕಡಲನ್ನೊಮ್ಮೆ ನೋಡಿ, ಗುಡ್ಡದ ದಾರಿ ಹಿಡಿದಿರುತ್ತಾರೆ.

ಈ ಹೆಣ್ಣುಮಗಳಿಗೀಗ ಐವತ್ತೆಂಟು. ಇಪ್ಪತ್ತೇಳು ವರ್ಷಗಳಿಂದ ವೈಸೀನಾದ ಗಂಟೆ ಅವರದೇ ಕೈಯಲ್ಲಿದೆ. ದಿನಕ್ಕೆ ಐದು ಸಲ: ಬೆಳಗ್ಗೆ ಒಮ್ಮೆ, ಶಾಲೆಗೆ ಒಮ್ಮೆ, ಸಂಜೆಯ ಪ್ರಾರ್ಥನೆಗೆ ಮೂರು ಸಲ. ಸಂಜೆಯ ಮೊದಲ ಗಂಟೆ ಕೇಳಿದರೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಇದ್ದಲ್ಲೇ ಕೂರಬೇಕು. ಆಮೇಲೆ ರಸ್ತೆಯಲ್ಲಿ ಯಾರೂ ಓಡಾಡುವಂತಿಲ್ಲ, ಬಸ್ಸು ಕೂಡ ನಿಲ್ಲುತ್ತದೆ. ಮೂರನೆಯದು ಬಿದ್ದು ಸುಮ್ಮನಾದರೆ, ಮುಗಿಯಿತು, ಏಳಬಹುದು. ನೂರಾರು ವರ್ಷಗಳಿಂದ ಈ ಕಡಲ ತೀರದ ಊರುಗಳ ಮೈಯಲ್ಲಿ ಸೇರಿಹೋದ ಅಭ್ಯಾಸವಿದು. ಗಂಟೆ ಎಂದರೆ ಕೂರು. ನಿಂತಿತೆಂದರೆ ಏಳು.

ಈ ಅಭ್ಯಾಸದ ವಿರುದ್ಧವೇ ಅಕೆನೇಸೆ ಹದಿನಾರು ವರ್ಷ ಕೆಲಸ ಮಾಡಿದ್ದಾರೆ. ಕಳೆದ ತಿಂಗಳು ಆ ಕೆಲಸವೆಲ್ಲ ಒಂದೇ ಬೆಳಗ್ಗೆ ನೀರುಪಾಲಾಗುವುದರಲ್ಲಿತ್ತು.

ಗುಡ್ಡದ ದಾರಿಯಲ್ಲಿ ಮೂರು ತಿರುವು. ಮೂರನೆಯ ತಿರುವಿನಲ್ಲಿ ಹವಳದ ಸುಣ್ಣ ಬಳಿದ ಒಂದು ಬಂಡೆ ಇದೆ. ಊರವರು ಬಿಳಿಕಲ್ಲು ಎನ್ನುತ್ತಾರೆ. 2009ರ ಸೆಪ್ಟೆಂಬರಿನಲ್ಲಿ ಸುನಾಮಿಯ ನೀರು ಹತ್ತಿ ನಿಂತದ್ದು ಅಲ್ಲಿಯವರೆಗೆ. ಅದನ್ನು ದಾಟಿ ಇನ್ನಷ್ಟು ಮೇಲೆ, ಕಡಲಮಟ್ಟದಿಂದ ಮೂವತ್ತೆಂಟು ಮೀಟರ್ ಎತ್ತರದಲ್ಲಿ, ಕೆಸವಿನ ತೋಟದ ಅಂಚಿಗೆ ಅಕೆನೇಸೆಯ ಮನೆ. ಮನೆಯ ಮುಂದೆ ಇನ್ನೊಂದು ಸಿಲಿಂಡರು ತೂಗುತ್ತಿದೆ. ಕೆಳಗಿನದಕ್ಕಿಂತ ದಪ್ಪ, ದನಿಯೂ ದಪ್ಪ. ಎಂಟು ಜನ ಗಳುವಿಗೆ ಕಟ್ಟಿ ಹೊತ್ತು ತಂದದ್ದು. ಇದನ್ನು ಪ್ರಾರ್ಥನೆಗೆ ಬಾರಿಸುವುದಿಲ್ಲ. ಇದಕ್ಕೆ ಎರಡು ನಿಧಾನ, ಒಂದು ಚುರುಕು ಎಂಬ ಲೆಕ್ಕವೂ ಇಲ್ಲ. ಬಾರಿಸಿದರೆ ಬಿಡದೆ ಬಾರಿಸುವುದು. ಅಕೆನೇಸೆ ಕೆಳಗಿರುವ ಹೊತ್ತಿನಲ್ಲಿ ಸೊಸೆ ಲೀತಾ ಇದರ ಬಳಿಯಿಂದ ಅಲ್ಲಾಡುವುದಿಲ್ಲ.

ಕೆಳಗೆ ಒಂದು ಗಂಟೆ ಇರುವಾಗ ಮೇಲೊಂದು ಏಕೆ? ಈ ಪ್ರಶ್ನೆಗೆ ಅಕೆನೇಸೆ ಕೋಕೋ ಬಗ್ಗಿಸುತ್ತ ಉತ್ತರ ಹೇಳುತ್ತಾರೆ. ದನಿ ಏರುವುದಿಲ್ಲ, ತಗ್ಗುವುದೂ ಇಲ್ಲ.

"ಆವತ್ತು ಮಂಗಳವಾರ. ಏಳು ಹೊಡೆಯೋಕೆ ಇನ್ನೂ ಹೊತ್ತಿತ್ತು. ನೆಲ ನಡುಗ್ತು ನೋಡಿ, ನಿಲ್ಲೋಕೇ ಆಗ್ಲಿಲ್ಲ. ನಡುಕ ನಿಂತ ತಕ್ಷಣ ನಾನು ಗಂಟೆ ಹತ್ರ ಓಡ್ದೆ. ಜನ್ರನ್ನ ಎಬ್ಬಿಸ್ಬೇಕು ಅಂತ. ಆದ್ರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ. ಎರಡು ನಿಧಾನ, ಒಂದು ಚುರುಕು. ಅದನ್ನೇ ಹೊಡ್ದೆ."

ಊರು ಕೇಳಿಸಿಕೊಂಡಿತು. ತಾನು ಕಲಿತಂತೆಯೇ ಕೇಳಿಸಿಕೊಂಡಿತು. ಭೂಮಿ ನಡುಗಿಯೂ ಮನೆ ಬೀಳಲಿಲ್ಲವಲ್ಲ, ಪಾದ್ರಿಗಳು ದೇವರಿಗೆ ಕೃತಜ್ಞತೆ ಸಲ್ಲಿಸಲು ಕರೆಯುತ್ತಿದ್ದಾರೆ ಎಂದುಕೊಂಡ ಒಂಬತ್ತು ಮಂದಿ ಬಟ್ಟೆ ಸರಿಮಾಡಿಕೊಂಡು ಕಡಲ ಬದಿಯ ಚರ್ಚಿಗೆ ಬಂದರು. ರಸ್ತೆಯಲ್ಲಿದ್ದವರು ಹತ್ತಿರದ ಮನೆ ಹೊಕ್ಕು ಚಾಪೆಯ ಮೇಲೆ ಕುಳಿತರು. ಅಷ್ಟರಲ್ಲಿ ಅಕೆನೇಸೆಗೆ ಕಡಲು ಹವಳದ ದಿಬ್ಬ ಬಿಟ್ಟು ಹಿಂದೆ ಸರಿಯುವುದು ಕಂಡಿತು. ಸರಳು ಬಿಸಾಡಿ, ಕೂಗುತ್ತ ಗುಡ್ಡದ ಕಡೆ ಓಡಿದರು. ಗಂಟೆ ನಿಂತಿತು.

"ಎರಡು ತಪ್ಪು," ಎಂದು ಎರಡು ಬೆರಳು ತೋರಿಸುತ್ತಾರೆ. "ಹೊಡ್ದಿದ್ದು ಒಂದು. ನಿಲ್ಲಿಸಿದ್ದು ಇನ್ನೊಂದು. ನಿಂತಿತಲ್ಲ, ಎಲ್ಲಾ ಸರಿಹೋಯ್ತು ಅಂದ್ಕೊಂಡ್ರು."

ವೈಸೀನಾದಲ್ಲಿ ಏಳು ಜನ ಹೋದರು. ಅವರಲ್ಲಿ ನಾಲ್ವರು ಚರ್ಚಿನಲ್ಲಿದ್ದವರು. ನಾಲ್ವರಲ್ಲಿ ಒಬ್ಬಾಕೆ ಅಕೆನೇಸೆಯ ಅಕ್ಕ ಫಿಯಾಸಿಲಿ. ಊರಿನಲ್ಲಿ ಯಾರೊಬ್ಬರೂ ಅಕೆನೇಸೆಗೆ ಒಂದು ಮಾತು ಅನ್ನಲಿಲ್ಲ. "ಅಂದಿದ್ರೆ ಸಲೀಸಾಗಿರೋದು," ಎಂದಷ್ಟೇ ಹೇಳಿ ಅವರು ಕೋಕೋ ಲೋಟವನ್ನು ಮುಂದೆ ಸರಿಸುತ್ತಾರೆ.

ಆಮೇಲೆ ಅವರು ಶುರು ಮಾಡಿದ ಕೆಲಸವನ್ನು ಯಾವ ವಿಜ್ಞಾನಿಯೂ ಮೆಚ್ಚಬೇಕು. ನೆಲ ನಡುಗಿದ ಎಷ್ಟು ಹೊತ್ತಿಗೆ ನೀರು ಬಂತೆಂದು ಮನೆಮನೆಗೆ ಹೋಗಿ ಕೇಳಿದರು. ಒಬ್ಬರು ಐದು ನಿಮಿಷ ಅಂದರು, ಮತ್ತೊಬ್ಬರು ಅರ್ಧ ಗಂಟೆ. ಭಯದಲ್ಲಿದ್ದವರ ಗಡಿಯಾರ ನಂಬುವಂಥದ್ದಲ್ಲ. ಹಾಗಾಗಿ ಅಕೆನೇಸೆ ನಿಮಿಷ ಕೇಳುವುದನ್ನು ಬಿಟ್ಟು, ಆ ಹೊತ್ತಿನಲ್ಲಿ ಏನೇನು ಮಾಡಿದಿರಿ ಎಂದು ಕೇಳತೊಡಗಿದರು. ಒಬ್ಬಾಕೆ, ನಡುಗುವಾಗ ಕೋಕೋಗೆ ನೀರಿಟ್ಟಿದ್ದೆ, ಅದು ಕುದಿಯಿತು, ಅಷ್ಟರಲ್ಲಿ ಬಂತು ಎಂದಳು. ಅಕೆನೇಸೆ ಅದೇ ಪಾತ್ರೆ, ಅಷ್ಟೇ ನೀರು, ಅದೇ ತೆಂಗಿನ ಚಿಪ್ಪಿನ ಬೆಂಕಿ ಮಾಡಿಸಿ ಪಕ್ಕದಲ್ಲಿ ಗಡಿಯಾರ ಹಿಡಿದು ಕುಳಿತರು. ಹನ್ನೆರಡು ನಿಮಿಷ. ಇನ್ನೊಬ್ಬರು ಹಂದಿ ಬಿಚ್ಚಿ ತೋಟದ ಬೇಲಿಯವರೆಗೆ ಅಟ್ಟಿದ್ದರು. ಅದನ್ನೂ ನಡೆಸಿ ನೋಡಿದರು. ಹನ್ನೊಂದೂವರೆ. ಹೀಗೆ ಹದಿನಾಲ್ಕು ಅಳತೆ. ಅವು ಹನ್ನೊಂದಕ್ಕೂ ಹದಿಮೂರಕ್ಕೂ ನಡುವೆ ಬಂದು ನಿಂತವು. ಅಕೆನೇಸೆ ಹನ್ನೆರಡನ್ನು ಹಿಡಿದರು.

ಹನ್ನೆರಡು ನಿಮಿಷದಲ್ಲಿ ಬಿಳಿಕಲ್ಲು ದಾಟಬೇಕು. ಗಟ್ಟಿಮುಟ್ಟಾದವರಿಗೆ ಅಲ್ಲಿಗೆ ಆರು ನಿಮಿಷ ಸಾಕು. ಮುದುಕಿಯನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿದರೆ ಒಂಬತ್ತು. ಲೆಕ್ಕದ ಪ್ರಕಾರ ಎಲ್ಲರೂ ಬದುಕಬೇಕು. ಆದರೆ ಸದ್ದು ಕಿವಿಗೆ ಬೀಳುವುದಕ್ಕೂ ಕಾಲು ಕೀಳುವುದಕ್ಕೂ ನಡುವೆ ಒಂದು ಅಂತರವಿದೆ. ಮೊದಲ ಅಣಕು ಅಭ್ಯಾಸ ಮುಗಿದ ಮೇಲೆ ಅವರು ಮೂವತ್ತೊಂದು ಮನೆಗೂ ಹೋಗಿ, ಗಂಟೆ ಕೇಳಿದ ಕೂಡಲೇ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಂಡ ಪುಸ್ತಕ ಈಗಲೂ ಇದೆ. ಹದಿನೇಳು ಮನೆಯವರು ಪಕ್ಕದ ಮನೆಯವರು ಏಳುತ್ತಾರೋ ಎಂದು ನೋಡಿದ್ದರು. ಆರು ಮನೆಯವರು ಕಡಲು ನೋಡಲು ಹೋಗಿದ್ದರು. ನಾಲ್ಕು ಮನೆಯವರು ಹಂದಿ ಬಿಚ್ಚಲು, ಮೂರು ಮನೆಯವರು ಬೆಂಕಿ ಆರಿಸಲು. ನೇರವಾಗಿ ನಡೆದದ್ದು ಒಂದೇ ಮನೆ.

"ಆ ಒಂದು ಮನೆ ನಂದೇ, ಆಗ ನಾವಿನ್ನೂ ಕೆಳಗೇ ಇದ್ವಿ," ಎಂದು ನಗುತ್ತಾರೆ.

ಪಕ್ಕದ ಮನೆಯವರನ್ನು ನೋಡುವುದು ದಡ್ಡತನವಲ್ಲ. ಜನ ಹಾಗೆಯೇ ನಿರ್ಧಾರ ಮಾಡುವುದು. ಒಬ್ಬನೇ ಎದ್ದು ಓಡಿ, ಏನೂ ಆಗದಿದ್ದರೆ ನಗೆಪಾಟಲು. ಆದ್ದರಿಂದ ಎದ್ದು ನಡೆಯುವ ಮೊದಲ ಮನೆ ಯಾವುದೆಂಬುದೇ ಮುಖ್ಯ ಎಂದು ಅಕೆನೇಸೆ ಕಂಡುಕೊಂಡರು. ಎಲ್ಲರ ಕಣ್ಣಿಗೂ ಬೀಳುವ ರಸ್ತೆ ಬದಿಯ ಐದು ಮನೆಗಳನ್ನು ಆರಿಸಿ, ಅವರನ್ನು ಮಾತ್ರ ಹಿಡಿದು ಕಲಿಸಿದರು. ಗಂಟೆಯನ್ನು ಗುಡ್ಡದ ಮೇಲೆ ಕಟ್ಟಿಸಿದ್ದೂ ಇದೇ ಯೋಚನೆಯಿಂದ. ಕೆಳಗಿನ ಗಂಟೆ ಕೂರಿಸುತ್ತದೆ, ಮೇಲಿನದು ಎಬ್ಬಿಸುತ್ತದೆ. "ಯಾವ ಕಡೆ ಹೋಗ್ಬೇಕು ಅಂತ ಕೇಳೋದೇ ಬೇಡ. ಸದ್ದು ಎಲ್ಲಿಂದ ಬರುತ್ತೋ ಅಲ್ಲಿಗೆ. ಅಷ್ಟೇ." ಗಾಳಿ ಜೋರಿರುವ ತಿಂಗಳುಗಳಲ್ಲಿ ಪೂರ್ವದ ತುದಿಯ ಮೂರು ಮನೆಗಳಿಗೆ ಸದ್ದು ಮುಟ್ಟುವುದಿಲ್ಲ ಎಂದು ಗೊತ್ತಾದಾಗ, ನಡುವಿನ ಮನೆಯೊಂದರಲ್ಲಿ ಶಂಖ ಇಡಿಸಿದರು.

ಹದಿನೈದು ವರ್ಷದ ಹೊತ್ತಿಗೆ ಮೂವತ್ತೊಂದರಲ್ಲಿ ಇಪ್ಪತ್ತೆರಡು ಮನೆಗಳು ಗಂಟೆ ಕೇಳಿದ ಕೂಡಲೇ ನಡೆಯುತ್ತಿದ್ದವು. ಅಷ್ಟರಲ್ಲಿ ಹಂದಿ ಸುಟ್ಟುಹೋಯಿತು.

ಅದು ಕಳೆದ ವರ್ಷದ ಒಂದು ಭಾನುವಾರ. ಸಾವಿರಾರು ಮೈಲಿ ದೂರದಲ್ಲಿ ಕಡಲ ತಳ ಕಂಪಿಸಿತು. ಇಲ್ಲಿ ನೆಲ ಅಲುಗಲಿಲ್ಲ, ರೇಡಿಯೊದಲ್ಲಿ ಎಚ್ಚರಿಕೆ ಬಂತು. ಅಕೆನೇಸೆ ಗಂಟೆ ಹೊಡೆದರು. ಆಗ ಊರಿನ ಎಲ್ಲ ಮನೆಗಳಲ್ಲೂ ಕಾದ ಕಲ್ಲಿನ ಒಲೆ ಮುಚ್ಚಿ, ಒಳಗೆ ಕೆಸವಿನ ಗಡ್ಡೆ, ಕೆಸವಿನೆಲೆಯಲ್ಲಿ ತೆಂಗಿನ ಹಾಲು ಸುತ್ತಿದ ಪಲುಸಾಮಿ ಬೇಯುತ್ತಿತ್ತು. ಊರ ಪರವಾಗಿ ಮಾತಾಡುವ ಹಿರಿಯ ಯಜಮಾನ ಪುಲೆತಾಸಿ ಅವರ ಮನೆಗೆ ರಾಜಧಾನಿ ಆಪಿಯಾದಿಂದ ಬೀಗರು ಬಂದಿದ್ದರು. ಅವರಿಗಾಗಿ ಇಡೀ ಹಂದಿ ಒಲೆಯಲ್ಲಿತ್ತು. ಊರೆಲ್ಲ ಆರು ತಾಸು ಗುಡ್ಡದ ಮೇಲೆ ಕುಳಿತಿತು. ಕಡಲು ಒಂದು ಗೇಣು ಏರಿ, ಇಳಿಯಿತು. ಹಂದಿ ಇದ್ದಿಲಾಗಿತ್ತು.

"ಅಕೆನೇಸೆ ಅಲೆ ಬಂತು, ನನ್ನ ಕಾಲ್ಬೆರಳೂ ನೆನೀಲಿಲ್ಲ," ಎಂದು ಪುಲೆತಾಸಿ ಬೀಗರ ಮುಂದೆ ಹೇಳಿದ ಮಾತು ಊರಿನ ಬಾಯಿಗೆ ಬಿತ್ತು. ಹಂದಿ ಸುಟ್ಟ ಅಲೆ ಎಂದೇ ಅದಕ್ಕೆ ಹೆಸರಾಯಿತು. ಮೂರು ತಿಂಗಳ ನಂತರ ನಿಜಕ್ಕೂ ನೆಲ ನಡುಗಿ, ಅಕೆನೇಸೆ ಗಂಟೆ ಬಾರಿಸಿದಾಗ ಇನ್ನೂರ ಆರು ಜನರಲ್ಲಿ ಗುಡ್ಡ ಹತ್ತಿದವರು ಅರವತ್ತಮೂರು. ಆ ದಿನವೂ ನೀರು ಬರಲಿಲ್ಲ. ಅಕೆನೇಸೆಯ ನಿದ್ದೆ ಹೋದದ್ದು ಆ ಅಂಕಿಯಿಂದ.

ಕಳೆದ ತಿಂಗಳು ಯಜಮಾನರ ಸಭೆಯ ಮುಂದೆ ಹೊಸ ಕಟ್ಟಳೆಯೊಂದು ಬಂತು. ಇನ್ನು ಮುಂದೆ ಆಪಿಯಾದಿಂದ ಪುಲೆತಾಸಿಗೆ ಫೋನು ಬಂದು, ಅವರು ಸರಿ ಎಂದ ಮೇಲೆಯೇ ಗುಡ್ಡದ ಗಂಟೆ ಬಾರಿಸಬೇಕು. ಮೀರಿದರೆ ಒಂದು ಹಂದಿ ದಂಡ. ಸಭೆಯಲ್ಲಿ ಕೂತು ಮಾತಾಡುವ ಹಕ್ಕು ಪಟ್ಟ ಹೊತ್ತವರಿಗೆ ಮಾತ್ರ. ಅಕೆನೇಸೆಗೆ ಅದಿಲ್ಲ. ಅವರು ನೇರ ಹೋದದ್ದು ಹೆಂಗಸರ ಸಮಿತಿಯ ಮುಖ್ಯಸ್ಥೆ ತಿಮೇನಾ ಬಳಿಗೆ. ತಿಮೇನಾ ಪುಲೆತಾಸಿಯ ಹೆಂಡತಿ.

"ನಿಮ್ಮ ಮನೆಯವ್ರ ಕಟ್ಟಳೆ ಬೇಡ ಅಂತಿಲ್ಲ ಅಕ್ಕಾ," ಎಂದರಂತೆ ಅಕೆನೇಸೆ. "ಒಂದು ಸಲ ನಡೆಸಿ ನೋಡೋಣ. ನೋಡಿ ಆದ್ಮೇಲೆ ಬೇಕಿದ್ರೆ ಬರೀಲಿ."

"ನಡೆಸೋದಾ? ಅವ್ರನ್ನಾ?" ತಿಮೇನಾ ನಕ್ಕರಂತೆ. "ಮದುವೆಯಾಗಿ ನಲವತ್ತು ವರ್ಷ ಆಯ್ತು, ನನಗೇ ಆಗಿಲ್ಲ. ನೋಡೋಣ ತಡಿ."

ಆ ವಾರದ ಶನಿವಾರ ಬೆಳಗ್ಗೆ ಆರಕ್ಕೆ ಊರೆಲ್ಲ ರಸ್ತೆಗೆ ಬಂದು ನಿಂತಿದೆ. ಪುಲೆತಾಸಿಗೆ ಎಪ್ಪತ್ತೊಂದು, ಎಡಮಂಡಿ ನೋವು. ತಮ್ಮ ಮನೆಯ ಚಾಪೆಯ ಮೇಲೆ ಫೋನನ್ನು ಮುಂದಿಟ್ಟುಕೊಂಡು ಕುಳಿತಿದ್ದಾರೆ. ತಿಮೇನಾ ತಗಡು ಬಡಿಯುತ್ತಾರೆ: ನೆಲ ನಡುಗಿತು ಎಂದು ಲೆಕ್ಕ. ಅಕೆನೇಸೆಯ ಗಡಿಯಾರ ಓಡತೊಡಗುತ್ತದೆ.

ಫೋನು ಸುಮ್ಮನಿದೆ. ಎಲ್ಲಿ ನಡುಗಿತು, ಎಷ್ಟು ಆಳ, ಎಷ್ಟು ಬಲ ಎಂದು ಅಳೆದು ಸಂದೇಶ ಹೊರಡಿಸಲು ಯಾರಿಗಾದರೂ ಕೆಲವು ನಿಮಿಷ ಬೇಕೇ ಬೇಕು. ಅದು ಯಾರ ತಪ್ಪೂ ಅಲ್ಲ. ಹಿಂದೆ ಇಲ್ಲಿ ನೆಲ ನಡುಗಿದಾಗಲೆಲ್ಲ ಸಂದೇಶ ಎಷ್ಟು ಹೊತ್ತಿಗೆ ಬಂದಿತ್ತೆಂದು ಅಕೆನೇಸೆ ಬರೆದಿಟ್ಟಿದ್ದಾರೆ: ಏಳು ನಿಮಿಷದಿಂದ ಹದಿನಾಲ್ಕು.

"ಏಳನ್ನೇ ಹಿಡ್ದಿದೀನಿ ಯಜಮಾನ್ರೇ," ಎನ್ನುತ್ತಾರೆ. "ನಿಮಗೆ ಅನುಕೂಲವಾಗೋ ಲೆಕ್ಕ."

"ನಂಗ್ಯಾರ ಅನುಕೂಲವೂ ಬೇಡ," ಎಂದು ಪುಲೆತಾಸಿ ಗದರುತ್ತಾರೆ.

ಏಳನೆಯ ನಿಮಿಷಕ್ಕೆ ಆಪಿಯಾದಲ್ಲಿರುವ ಅಳಿಯ, ಮೊದಲೇ ಹೇಳಿಟ್ಟಂತೆ, ಫೋನು ಮಾಡುತ್ತಾನೆ. ಪುಲೆತಾಸಿ ಸರಿ ಎನ್ನುತ್ತಾರೆ. ಗುಡ್ಡದ ಮೇಲಿಂದ ಲೀತಾ ಬಾರಿಸಲು ತೊಡಗುತ್ತಾಳೆ. ಯಜಮಾನರು ಎದ್ದು ಎರಡು ಹೆಜ್ಜೆ ಇಟ್ಟು, ಮತ್ತೆ ಒಳಗೆ ತಿರುಗುತ್ತಾರೆ. ಅವರ ಪಟ್ಟದ ಕೋಲು, ಹೆಗಲ ಮೇಲೆ ಹಾಕುವ ನಾರಿನ ಚವರಿ ಕಾಣುತ್ತಿಲ್ಲ. ಅವೆರಡಿಲ್ಲದೆ ಅವರು ಊರ ಮುಂದೆ ನಡೆದವರೇ ಅಲ್ಲ.

"ಎಲ್ಲಿಟ್ಟೆ?"

"ನೀವಿಟ್ಟಲ್ಲೇ ಇದೆ," ಎಂದು ತಿಮೇನಾ ಹೊರಗಿನಿಂದಲೇ ಕೂಗುತ್ತಾರೆ. "ನೀರು ಬರ್ತಿದೆ, ಹುಡುಕಿ ಹುಡುಕಿ!"

ಜನ ನಗುತ್ತಾರೆ. ಕೋಲು ಸಿಗುವಾಗ ಎಂಟನೆಯ ನಿಮಿಷ. ಹನ್ನೆರಡಕ್ಕೆ ತಿಮೇನಾ ಎರಡನೆಯ ಸಲ ತಗಡು ಬಡಿದಾಗ ಪುಲೆತಾಸಿ ಇನ್ನೂ ಮೊದಲ ತಿರುವಿನಲ್ಲಿದ್ದಾರೆ. ಬಿಳಿಕಲ್ಲು ಅಲ್ಲಿಂದ ಅವರ ನಡಿಗೆಗೆ ಆರು ನಿಮಿಷದ ದಾರಿ. ಅವರ ಹಿಂದೆ, ಅವರನ್ನು ದಾಟಿ ಹೋಗಬಾರದೆಂಬ ಮರ್ಯಾದೆಯಿಂದ ನಿಧಾನವಾಗಿ ಬರುತ್ತಿದ್ದ ನಲವತ್ತು ಜನ ಇದ್ದಾರೆ. ಅಕೆನೇಸೆಯೂ ಅದನ್ನು ಎಣಿಸಿರಲಿಲ್ಲ. ನಗು ನಿಂತುಹೋಗುತ್ತದೆ.

ಪುಲೆತಾಸಿ ತಿರುಗಿ ಆ ಸಾಲನ್ನು ನೋಡುತ್ತಾರೆ. "ಈಗ ನಾನು ಸತ್ತಿದೀನಾ?"

"ಸೊಂಟದವರೆಗೆ ನೀರು ಯಜಮಾನ್ರೇ," ಎನ್ನುತ್ತಾರೆ ಅಕೆನೇಸೆ. "ಇನ್ನೂ ಒಂದು ಮಾತಾಡ್ಬಹುದು."

"ಇವ್ರೆಲ್ಲಾ?"

ಅಕೆನೇಸೆ ಗಡಿಯಾರ ತೋರಿಸುತ್ತಾರೆ. ಯಜಮಾನರು ಕೋಲು ಊರಿಕೊಂಡು ಹೇಳುತ್ತಾರೆ: "ಕೆಳಗೆ ನಡೀರಿ. ಇನ್ನೊಂದು ಸಲ. ಈ ಸಲ ಫೋನು ಬೇಡ. ಮತ್ತೆ ನನ್ನ ಹಿಂದೆ ಯಾವನಾದ್ರೂ ಮರ್ಯಾದೆ ಮಾಡ್ಕೊಂಡು ನಡೆದ್ರೆ ಅವನಿಗೇ ಹಂದಿ ದಂಡ."

ಎರಡನೆಯ ಸಲ ತಗಡಿನ ಹಿಂದೆಯೇ ಗಂಟೆ. ಕೋಲು, ಚವರಿ ಹುಡುಕಲಿಲ್ಲ. ಪುಲೆತಾಸಿ ಬಿಳಿಕಲ್ಲು ಮುಟ್ಟಿದ್ದು ಹತ್ತು ನಿಮಿಷ ಇಪ್ಪತ್ತು ಸೆಕೆಂಡಿಗೆ, ಎಲ್ಲರಿಗಿಂತ ಕೊನೆಯಲ್ಲಿ, ಬೆವರು ಸುರಿಸಿಕೊಂಡು.

ಸಭೆ ಮುಂದಿನ ಸೋಮವಾರ ತೀರ್ಮಾನ ಮಾಡಿತು. ನೆಲ ನಡುಗಿದರೆ ಗಂಟೆ, ಯಾರನ್ನೂ ಕೇಳಬೇಕಿಲ್ಲ. ದೂರದ ಕಂಪನದ ಸುದ್ದಿ ಬಂದರೆ ನೀರು ಬರಲು ತಾಸುಗಟ್ಟಲೆ ಸಮಯವಿರುತ್ತದೆ. ಆಗ ಯಜಮಾನರು ಕೂತು ಮಾತಾಡಿ ಹೇಳುತ್ತಾರೆ. ಹಂದಿ ಸುಟ್ಟ ಭಾನುವಾರ ತಾನು ಅವಸರಪಟ್ಟೆ ಎಂದು ಅಕೆನೇಸೆಯೂ ಒಪ್ಪುತ್ತಾರೆ. "ಐದು ತಾಸು ಇತ್ತು. ಹಂದಿ ಬೇಯಿಸ್ಕೊಂಡು, ಹೊತ್ಕೊಂಡೇ ಬರಬಹುದಿತ್ತು. ಎರಡೂ ಒಂದೇ ಅಂತ ತಿಳ್ಕೊಂಡಿದ್ದು ನಂದೂ ತಪ್ಪೇ."

ಸಭೆ ಮುಗಿದ ಮರುದಿನ ಪುಲೆತಾಸಿ ತಮ್ಮ ಹಳೆಯ ಕೋಲು, ಹಳೆಯ ಚವರಿ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಅಕೆನೇಸೆಯ ಮನೆಗೆ ಕಳುಹಿಸಿದರು. ಮೇಲೆಯೇ ಇರಲಿ, ಕೆಳಗೆ ಹುಡುಕುವ ಕೆಲಸವಿಲ್ಲ ಎಂದು. ಅದನ್ನು ಕಂಡು ಉಳಿದವರೂ ಶುರು ಮಾಡಿದರು. ತಾವು ಯಾವುದಕ್ಕಾಗಿ ಹಿಂದಿರುಗಿ ಓಡುತ್ತೇವೋ ಅದು ಮೊದಲೇ ಗುಡ್ಡದ ಮೇಲಿರಲಿ. ಒಂದು ಮನೆಯಿಂದ ಬೈಬಲ್, ಒಂದು ಮನೆಯಿಂದ ಅಜ್ಜಿ ನೇಯ್ದ ನವಿರು ಚಾಪೆ, ಸತ್ತವರ ಫೋಟೋ, ಇನ್ನೊಂದು ಮನೆಯಿಂದ ರಗ್ಬಿ ಪಂದ್ಯದ ಬಟ್ಟಲು. ಕೆಸವಿನ ಗಡ್ಡೆ ಇಡುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಮೂವತ್ತೊಂದು ಗಂಟುಗಳಿವೆ. ಅಕೆನೇಸೆಯ ಗಂಟಿನಲ್ಲಿ ಫಿಯಾಸಿಲಿ ಚರ್ಚಿಗೆ ಹಾಕಿಕೊಳ್ಳುತ್ತಿದ್ದ ಬಿಳಿ ಟೋಪಿ ಇದೆ.

ತೀರ್ಮಾನವಾದ ಹದಿನೇಳನೆಯ ದಿನ ಬೆಳಗಿನ ಐದೂಕಾಲಿಗೆ ನೆಲ ನಡುಗಿತು. ಪ್ರಾರ್ಥನೆಯ ಗಂಟೆ ಬಾರಿಸಿ ಅಕೆನೇಸೆ ಎರಡನೆಯ ತಿರುವಿನಲ್ಲಿದ್ದರು. ಅವರು ಓಡುವ ಮೊದಲೇ ಮೇಲೆ ಸದ್ದು ಹೊರಟಿತು.

"ನಿಜಕ್ಕೂ ನಡುಗಿದಾಗ ನಾನು ಯಾವತ್ತೂ ಅದನ್ನ ಕೆಳಗಿಂದ ಕೇಳೇ ಇರ್ಲಿಲ್ಲ," ಎನ್ನುತ್ತಾರೆ. "ಲೀತಾ ಹೊಡೀತಿದ್ಲು. ನಾನೂ ಎಲ್ಲರ ಹಾಗೆ ಸದ್ದಿನ ಕಡೆ ನಡೆದೆ. ಹಿಂದೆ ಕಾಲಿನ ಸಪ್ಪಳ ಬರ್ತಿತ್ತು. ಒಂದಲ್ಲ ಎರಡಲ್ಲ. ಮಾತಿಲ್ಲ, ಬರೀ ಕಾಲು."

ಮೇಲೆ ಬಂದು ಸರಳನ್ನು ತಮ್ಮ ಕೈಗೆ ತೆಗೆದುಕೊಂಡರು. ಜನ ಬರುತ್ತಲೇ ಇದ್ದರು. ಹತ್ತು ನಿಮಿಷದ ಮೇಲೆ ಪುಲೆತಾಸಿ ಮಂಡಿ ಹಿಡಿದುಕೊಂಡು ಬಂದು, ಕೊಟ್ಟಿಗೆಯಿಂದ ತಮ್ಮ ಕೋಲು ತರಿಸಿಕೊಂಡು, ಅದನ್ನೂರಿ ಕಲ್ಲಿನ ಮೇಲೆ ಕುಳಿತರು.

"ಸಾಕು ನಿಲ್ಸವ್ವಾ, ಕಿವಿ ಹೋಯ್ತು. ನಾನೇ ಕೊನೆಯವನು."

"ಲೆಕ್ಕ ಆಗ್ಲಿ ಯಜಮಾನ್ರೇ," ಎಂದು ಅಕೆನೇಸೆ ಹೊಡೆಯುತ್ತಲೇ ಇದ್ದರು. ತಿಮೇನಾ ಮನೆಮನೆಯ ಹೆಸರು ಕೂಗಿದರು. ನೂರ ತೊಂಬತ್ತೆಂಟು. ಉಳಿದ ಎಂಟು ಜನ ಆಪಿಯಾದಲ್ಲಿ. ಎಂಟೂ ಹೆಸರು ಅಕೆನೇಸೆಗೆ ಬಾಯಿಪಾಠ. ಆಗ ಸರಳು ಕೆಳಗಿಟ್ಟರು.

ನೀರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರು ಇಳಿದು ತನ್ನ ಕೆಲಸ ನೋಡಿಕೊಂಡಿತು. ಯಾರೋ ಒಬ್ಬರು ಮತ್ತೆ ಸುಳ್ಳು ಅಲೆ ಎಂದು ಗೊಣಗಿದಾಗ ಪುಲೆತಾಸಿ, "ಬರ್ಲಿಲ್ಲ ಅಂತ ಬೇಜಾರಾ ನಿಂಗೆ?" ಎಂದರಂತೆ.

ಈಗ ಮತ್ತೆ ಸಂಜೆ. ಮೊದಲ ಗಂಟೆಗೆ ಹೊತ್ತಾಯಿತು. ಅಕೆನೇಸೆ ಕೆಳಗಿಳಿಯಲು ಏಳುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ, ಸರಳಿನ ಹಿಡಿಗೆ ಸುತ್ತಲು ಒಂದು ತುಂಡು ರಬ್ಬರು ಸಿಕ್ಕರೆ ಒಳ್ಳೆಯದು ಎನ್ನುತ್ತಾರೆ. ಬಹಳ ಹೊತ್ತು ಹೊಡೆದರೆ ಅಂಗೈಯಲ್ಲಿ ಬೊಬ್ಬೆ ಬರುತ್ತದೆ.

ಆಮೇಲೆ, ಮೊದಲ ತಿರುವಿನಲ್ಲಿ ನಿಂತು, ಕೇಳದೆಯೇ ಹೇಳುತ್ತಾರೆ: "ಆವತ್ತು ನಾನು ಓಡೋಕೆ ಅಂತ ಗಂಟೆ ನಿಲ್ಲಿಸ್ದೆ. ಮೊನ್ನೆ ಎಲ್ಲಾರೂ ಬಂದಿದ್ರು ಅಂತ ನಿಲ್ಲಿಸ್ದೆ."